ಹಟ್ಟಾ ಗುಡ್ಡದ ಬೆಲ್ಲ ನೀರು

2015ನೇ ಇಸವಿಯ ಜನವರಿ. ಏಸಿ ಬಂದ್ ಮಾಡಿ ಕಿಟಕಿ ತೆರೆದಿಟ್ಟು ಮಲಗಬಹುದಾದ ದಿನಗಳು ದುಬೈಯಲ್ಲಿ ವರ್ಷಕ್ಕೆ ಕೆಲವೇ ಬರುತ್ತವೆ, ಅಂಥದ್ದೊಂದು ಶುಕ್ರವಾರ. ಮಸೀದಿಯ ಬೆಳಗಿನ ಬಾಂಗ್ ಇನ್ನೂ ಕೇಳಿರಲಿಲ್ಲ. ಊದ್ ಮೇಥಾದ ಹಳೆಯ ಕಟ್ಟಡವೊಂದರ ಕೆಳಗೆ ಬೆನೆಡಿಕ್ಟ್ ಕಾರು ಚಾಲೂ ಇಟ್ಟು ನಿಂತಿದ್ದ. ಲೋಲಾಕ್ಷಿ ಲಿಫ್ಟಿನಿಂದ ಹೊರಬಂದದ್ದು ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದರಲ್ಲಿ ಬಟ್ಟೆಯ ಚೀಲ ಹಿಡಿದುಕೊಂಡು. ಚೀಲದೊಳಗೆ ಸ್ಟೀಲಿನ ಲೋಟಗಳು ಗಲಗಲ ಎನ್ನುತ್ತಿದ್ದವು.

“ಲೋಲಕ್ಕ, ನಾವು ಹೋಗುದು ಮದುವೆಗಾ, ಓಟ ನೋಡ್ಲಿಕ್ಕಾ?” ಎಂದ ಬೆನೆಡಿಕ್ಟ್. ಎದುರು ಫ್ಲ್ಯಾಟಿನವನು, ಹೋಟೆಲಿನಲ್ಲಿ ಡ್ರೈವರ್ ಕೆಲಸ, ರಜೆಯ ದಿನವೂ ಸ್ಟೇರಿಂಗ್ ಬಿಟ್ಟು ಇರಲಾರದ ಮನುಷ್ಯ.

“ಓಡುವವರಿಗೆ ಬಾಯಾರಿಕೆ ಆಗುದಿಲ್ವಾ? ನೀನು ಡಿಕ್ಕಿ ತೆಗಿ ಬೆನ್ನಿ.”

ಹಿಂದೆಯೇ ಅವಳ ಗಂಡ ಸರ್ವೋತ್ತಮ ಬಂದ. ಅಲ್ ಕೂಜ್‌ನ ಗೋದಾಮಿನಲ್ಲಿ ಸ್ಟೋರ್ ಕೀಪರ್. ಹೊರಗೆ ಚಳಿ ಉಂಟೆಂದು ಬಾಗಿಲ ಹಿಂದಿನ ಮೊಳೆಯಲ್ಲಿ ಕೈಗೆ ಸಿಕ್ಕಿದ್ದನ್ನು ಅಂಗಿಯ ಮೇಲೆ ಹಾಕಿಕೊಂಡು ಬಂದಿದ್ದ. ಅದು ಗೋದಾಮಿನಲ್ಲಿ ತೊಡುವ ಕಿತ್ತಳೆ ಬಣ್ಣದ ತೋಳಿಲ್ಲದ ಕೋಟು. ಎದೆಗೆ, ಬೆನ್ನಿಗೆ ಬೆಳ್ಳಿ ಪಟ್ಟಿ. ಬೆಳಕು ಬಿದ್ದರೆ ಮಿಂಚುವಂಥದ್ದು. ಆ ದಿನ ಆ ಕೋಟು ಮನೆಯಲ್ಲೇ ಮೊಳೆಯಲ್ಲಿ ನೇತಾಡುತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಗಳು ದೀಕ್ಷಿತಾ ಮುನ್ನಾ ದಿನವೇ ಹಟ್ಟಾಕ್ಕೆ ಹೋಗಿ, ಓಡುವ ಸ್ನೇಹಿತರ ಜೊತೆ ಡೇರೆಯಲ್ಲಿ ಮಲಗಿದ್ದಳು. ಹಟ್ಟಾ ದುಬೈಗೆ ಸೇರಿದ್ದೇ, ಆದರೆ ದೂರದಲ್ಲಿ, ಒಮಾನಿನ ಗಡಿಯ ಬಳಿ ಇರುವ ಕಲ್ಲುಗುಡ್ಡಗಳ ಊರು. ಈ ಮರಳಿನ ದೇಶದಲ್ಲಿ ಗುಡ್ಡವೂ ಉಂಟೆಂದು ಲೋಲಾಕ್ಷಿಗೆ ಗೊತ್ತಾದದ್ದು ಮಗಳು ಓಡಲು ಶುರು ಮಾಡಿದ ಮೇಲೆ. ಅದಕ್ಕೆ ಮುಂಚೆ ಅವಳ ದುಬೈ ಎಂದರೆ ತರಕಾರಿ ಅಂಗಡಿ, ಊರಿನವರ ಸಂಘದ ಪೂಜೆಗೆ ಅಡುಗೆ, ಹಬ್ಬಕ್ಕೊಮ್ಮೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿದ್ದ ತಮ್ಮನ ಮನೆ. ಅಷ್ಟೇ.

ದೀಕ್ಷಿತಾ ಇಲ್ಲೇ ಹುಟ್ಟಿದವಳು. ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಕೆಲಸ. ಸಂಜೆ ಮನೆಗೆ ಬಂದು, ಬೂಟು ಬದಲಿಸಿ, ಕಟ್ಟಡದ ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಶುರುವಿನಲ್ಲಿ ಕಾವಲುಗಾರ ಗಾಬರಿಯಾಗಿ ಬಾಗಿಲು ತಟ್ಟಿ, “ಮೇಡಂ, ಲಿಫ್ಟ್ ಖರಾಬಾ?” ಎಂದು ಕೇಳಿದ್ದ.

“ಅಲ್ಲ ಮಗಾ, ಲಿಫ್ಟ್ ಇರುವಲ್ಲಿ ಹುಟ್ಟಿದ ನಿನಗೆ ಹತ್ತುವ ಹುಚ್ಚು ಎಲ್ಲಿಂದ ಬಂತು?” ಎಂದು ಲೋಲಾಕ್ಷಿ ಒಮ್ಮೆ ಕೇಳಿದಳು.

“ಗುಡ್ಡದ ಮೇಲೆ ನನ್ನ ಉಸಿರು ನನಗೆ ಕೇಳ್ತದೆ ಅಮ್ಮ. ಇಲ್ಲಿ ಬರೀ ಏಸಿ ಕೇಳ್ತದೆ.”

ಮಗಳ ಮನಸ್ಸು ಆಲ್ಪ್ಸ್‌ನಲ್ಲಿತ್ತು. ಯುರೋಪಿನ ಆ ಹಿಮದ ಪರ್ವತಗಳ ನಡುವೆ ಆಗಸ್ಟ್ ಕೊನೆಗೆ ಒಂದು ಓಟ; ಬೆಳಿಗ್ಗೆ ಹೊರಟರೆ ಕತ್ತಲಾಗುವ ತನಕ ಏರಿ ಇಳಿಯುವಂಥದ್ದು. ಬಯಸಿದವರನ್ನೆಲ್ಲ ಅವರು ಸೇರಿಸಿಕೊಳ್ಳುವುದಿಲ್ಲ. ಮಾರ್ಚ್ ಮುಗಿಯುವುದರೊಳಗೆ ಎಲ್ಲಾದರೂ ಒಂದು ಗುಡ್ಡದ ಓಟವನ್ನು ಹೊತ್ತಿಗೆ ಸರಿಯಾಗಿ, ನಿಯಮ ಮುರಿಯದೆ ಮುಗಿಸಿದ್ದಕ್ಕೆ ಸಾಕ್ಷಿ ಬೇಕು. ಆ ಸಾಕ್ಷಿಗಾಗಿಯೇ ಹಟ್ಟಾದ ಓಟ.

“ನೀವು ಫಿನಿಷ್ ಹತ್ರ ನಿಲ್ಲಿ, ಆಯ್ತಾ?” ಎಂದು ಮಗಳು ಹೇಳಿಯೇ ಹೋಗಿದ್ದಳು. ಅವರೂ ಹಾಗೇ ಮಾಡಬೇಕೆಂದಿದ್ದರು. ಆದರೆ ಬೇಗ ತಲುಪಿಬಿಟ್ಟರು. ಬೆನೆಡಿಕ್ಟ್‌ಗೆ ಅಣೆಕಟ್ಟಿನ ಆಚೆಗಿನ ಮಣ್ಣಿನ ದಾರಿ ಗೊತ್ತಿತ್ತು. “ಅಲ್ಲಿ ಮೇಲೆ ಓಟದವರು ದಾರಿ ದಾಟುವ ಜಾಗ ಉಂಟು, ಚೆಂದ ಕಾಣ್ತದೆ,” ಎಂದ. ಕಾರು ಹೋಗುವಷ್ಟು ಹೋಗಿ, ಉಳಿದದ್ದನ್ನು ನಡೆದು ಹತ್ತಿದರು. ಕಡಿದಾದ ಏರು ಮುಗಿದು ಸ್ವಲ್ಪ ಸಮತಟ್ಟಾದಲ್ಲಿ ಮೇಜಿನಂಥ ಬಂಡೆ ಸಿಕ್ಕಿತು. ಲೋಲಾಕ್ಷಿ ಅದರ ಮೇಲೆ ಬೈರಾಸು ಬಟ್ಟೆ ಹಾಸಿ, ಲೋಟಗಳನ್ನು ಸಾಲಾಗಿ ಇಟ್ಟು, ನೀರು ತುಂಬಿ, ಪ್ರತಿ ಲೋಟದ ಬದಿಗೆ ಒಂದೊಂದು ತುಂಡು ಬೆಲ್ಲ ಇಟ್ಟಳು.

ಇದು ಅವಳಿಗೆ ಯಾರೂ ಹೇಳಿಕೊಡಬೇಕಾದ ಕೆಲಸವಲ್ಲ. ಕಾರ್ಕಳದ ಕಡೆ ಅವಳ ಅಜ್ಜಿ, ಸಂತೆಗೆ ಹೋಗುವವರು ತಲೆಹೊರೆ ಹೊತ್ತು ಹತ್ತುವ ಗುಡ್ಡದ ದಾರಿಯಲ್ಲಿ ಬೇಸಿಗೆ ಪೂರ್ತಿ ಅರವಟ್ಟಿಗೆ ಇಡುತ್ತಿದ್ದಳು. ಮಣ್ಣಿನ ಪಾತ್ರೆಯಲ್ಲಿ ನೀರು, ಬಾಳೆಲೆಯ ತುಂಡಿನಲ್ಲಿ ಬೆಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಲೋಲಾಕ್ಷಿ ಅಲ್ಲಿ ಕುಳಿತು ಕಲಿತದ್ದು ಎರಡು ಮಾತು. ಮೊದಲು ಕೊಡು, ಯಾವ ಊರು ಅಂತ ಮತ್ತೆ ಕೇಳು. ಒಬ್ಬನಿಗೆ ಕೊಟ್ಟು ಹಿಂದಿನವನಿಗೆ ಇಲ್ಲ ಅನ್ನಬೇಡ. ಪಂಕ್ತಿಭೇದ ಮಾಡಿದ ಕೈಯಲ್ಲಿ ಅನ್ನ ನಿಲ್ಲುವುದಿಲ್ಲ ಎನ್ನುತ್ತಿದ್ದಳು ಅಜ್ಜಿ.

ಸೂರ್ಯ ಮೇಲೆ ಬಂದ ಹೊತ್ತಿಗೆ ಮೊದಲಿಗೊಬ್ಬ ಬಿಳಿಯ ಮನುಷ್ಯ ಏದುಸಿರು ಬಿಡುತ್ತ ಹತ್ತಿ ಬಂದ. ಕಡ್ಡಿಯಂತೆ ಉದ್ದ, ಕೆಂಪು ಟೊಪ್ಪಿ. ಬಂಡೆಯ ಮೇಲಿನ ಸಾಲು ಲೋಟ ನೋಡಿದ. ಪಕ್ಕದಲ್ಲಿ ಮಿಂಚುವ ಕೋಟು ತೊಟ್ಟು, ಕೈ ಬೆನ್ನ ಹಿಂದೆ ಕಟ್ಟಿ ಗಂಭೀರವಾಗಿ ನಿಂತಿದ್ದ ಸರ್ವೋತ್ತಮನನ್ನು ನೋಡಿದ. ಓಟ ನಡೆಸುವವರೇ ಇಟ್ಟ ನೀರಿನ ಜಾಗ ಎಂದುಕೊಂಡು ಬೆಲ್ಲ ಬಾಯಿಗೆ ಹಾಕಿ, ನೀರು ಗಟಗಟ ಕುಡಿದು, “ವಾವ್” ಎಂದು ಹೋದ. ಅವನ ಹಿಂದೆ ಇಬ್ಬರು ಫಿಲಿಪಿನೋ ಹುಡುಗಿಯರು. ಮತ್ತೊಬ್ಬ ಲೆಬನಾನಿನವನಂತೆ ಕಂಡ. ಒಟ್ಟು ಏಳು ಜನ ಕುಡಿದು ಹೋದ ಮೇಲೆ ದೀಕ್ಷಿತಾ ಬಂದಳು.

“ಅಮ್ಮಾ! ನಿಮ್ಮನ್ನು ವಾಲಂಟಿಯರ್ ಮಾಡಿದ್ರಾ?”

“ಕುಡಿ, ಮೊದಲು ಕುಡಿ.”

ಅಪ್ಪನ ಕೋಟು ನೋಡಿದಳು, ಮುಂದಿನವರು ಇಟ್ಟು ಹೋದ ಖಾಲಿ ಲೋಟಗಳನ್ನು ನೋಡಿದಳು, ಕುಡಿದಳು, ಓಡಿದಳು. ಲೋಲಾಕ್ಷಿಗೆ ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ನಿಜವಾದ ವಾಲಂಟಿಯರ್ ಒಬ್ಬ ಮೇಲಿನಿಂದ ಇಳಿದು ಬಂದವನು ಇವರನ್ನು ನೋಡಿ ಹಾಗೆಯೇ ನಿಂತುಬಿಟ್ಟ.

ನಿಯಮ ಸಣ್ಣದು. ಓಡುವವರು ತಮಗೆ ಬೇಕಾದದ್ದನ್ನು ತಾವೇ ಹೊರಬೇಕು. ನೀರು, ತಿಂಡಿ, ಸಹಾಯ ಏನಿದ್ದರೂ ಗೊತ್ತುಮಾಡಿದ ಎರಡು ಜಾಗದಲ್ಲಿ ಮಾತ್ರ. ಬೇರೆ ಕಡೆ ಯಾರ ಕೈಯಿಂದಾದರೂ ತೆಗೆದುಕೊಂಡರೆ ಓಟ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದ್ದರಂತೆ. ಕೇಳಿದಾಗ ಕುಡಿದವರೆಲ್ಲ ಹೌದೆಂದು ಒಪ್ಪಿಕೊಂಡರು; ಎಂಟು ಜನರ ಹೆಸರಿನ ಮುಂದೆ ಗೀಟು ಬಿತ್ತು. ಎಂಟನೆಯವಳು ದೀಕ್ಷಿತಾ.

ಹಿಂದಿರುಗುವಾಗ ಕಾರಿನಲ್ಲಿ ಮಗಳು ಕಿಟಕಿಯ ಕಡೆ ತಿರುಗಿ ಕುಳಿತಳು. ಬೈದಿದ್ದರೆ ಲೋಲಾಕ್ಷಿ ತಡೆದುಕೊಳ್ಳುತ್ತಿದ್ದಳು. ಬೆನೆಡಿಕ್ಟ್ ಮಾತ್ರ, “ಸರ್ವೋತ್ತಮಣ್ಣ, ಆ ಕೋಟು ಕಳಚಿ ಮಾರಾಯ್ರೆ, ಇನ್ನು ದಾರಿಯಲ್ಲಿ ಪೊಲೀಸರೂ ನಿಮಗೆ ಸಲಾಂ ಹೊಡೆದಾರು,” ಎಂದ. ಯಾರೂ ನಗಲಿಲ್ಲ. “ಪೊರ್ಬುಗಳೇ, ನೀವು ರಸ್ತೆ ನೋಡಿ,” ಎಂದ ಸರ್ವೋತ್ತಮ, ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಮಾತಿನಲ್ಲಿ.

ರಾತ್ರಿ ಊಟಕ್ಕೆ ಕುಳಿತಾಗ ದೀಕ್ಷಿತಾ ತಟ್ಟೆ ನೋಡುತ್ತಲೇ ಹೇಳಿದಳು: “ಮಾರ್ಚಲ್ಲಿ ಇನ್ನೊಂದು ಉಂಟು. ಅದೇ ಗುಡ್ಡ. ಅದು ಲಾಸ್ಟ್ ಚಾನ್ಸ್. ಅಮ್ಮಾ, ಪ್ಲೀಸ್, ನೀನು ಬರ್ಬೇಡ.”

“ಆಯ್ತು ಮಗಾ,” ಎಂದಳು ಲೋಲಾಕ್ಷಿ.

ಆಯ್ತು ಎಂದದ್ದೇನೋ ಹೌದು, ಆದರೆ ಪಾತ್ರೆ ತೊಳೆಯುವಾಗಲೂ ಅವಳಿಗೆ ಅದೇ ಲೆಕ್ಕ. ತನ್ನ ಮಗಳದ್ದಾದರೆ ಮನೆಯ ಮಾತು. ಉಳಿದ ಏಳು ಜನ? ಯಾರ ಮಕ್ಕಳೋ ಏನೋ, ತನ್ನ ಕೈಯ ನೀರು ಕುಡಿದು ಕೆಟ್ಟರಲ್ಲ! ಅಜ್ಜಿಯ ಅರವಟ್ಟಿಗೆಯಲ್ಲಿ ಕುಡಿದು ಯಾರೂ ಸೋತದ್ದಿಲ್ಲ. ವಾರ ಕಳೆಯುವ ಮೊದಲೇ ಗಂಡನನ್ನು ವಿಚಾರಿಸಿದಳು. ಓಟ ನಡೆಸುವವರ ಅಂಗಡಿ ಇದ್ದದ್ದು ಅಲ್ ಕೂಜ್‌ನಲ್ಲೇ, ಅವನ ಗೋದಾಮಿನ ಎರಡು ಓಣಿ ಹಿಂದೆ. ಬೂಟು, ಬೆನ್ನಚೀಲ ಮಾರುವ ಅಂಗಡಿ.

ಅಲ್ಲಿ ಇದ್ದವಳು ಸಕೀನ. ಕರಾಚಿಯ ಕಡೆಯವಳು, ದುಬೈಯಲ್ಲೇ ಬೆಳೆದವಳು. ಓಟದ ಕಟ್ಟುಪಾಡೆಲ್ಲ ಅವಳ ಕೈಯಲ್ಲಿ. ಕಿತ್ತಳೆ ಕೋಟಿನ ಸರ್ವೋತ್ತಮ ಹೆಂಡತಿಯ ಜೊತೆ ಬಾಗಿಲಲ್ಲಿ ಕಾಣಿಸಿದ್ದೇ ತಡ, ಅವಳು ಹಣೆಗೆ ಕೈ ಹಚ್ಚಿದಳು.

“ಆಂಟಿ, ಗೀಟು ಹಾಕಿದ್ದನ್ನು ಅಳಿಸ್ಲಿಕ್ಕೆ ಆಗುದಿಲ್ಲ,” ಎಂದು ಹಿಂದಿಯಲ್ಲಿ ಹೇಳಿದಳು.

ಲೋಲಾಕ್ಷಿಯ ಹಿಂದಿ ಹೇಗೋ ಸಾಗುವಂಥದ್ದು. “ಅಳಿಸು ಅಂತ ನಾನು ಕೇಳ್ಲಿಕ್ಕೆ ಬಂದದ್ದಲ್ಲ ಬೇಟಿ. ನಿಯಮ ನಿಯಮವೇ. ನನಗೆ ಒಂದು ಸಂಗತಿ ಗೊತ್ತಾಗ್ಬೇಕು. ಅಷ್ಟು ದೊಡ್ಡ ಏರು ಹತ್ತಿ ಬಂದ ಜಾಗದಲ್ಲಿ ನೀವು ನೀರು ಯಾಕೆ ಇಡ್ಲಿಲ್ಲ?”

“ಅಲ್ಲಿವರೆಗೆ ಗಾಡಿ ಹೋಗುದಿಲ್ಲ. ಹೊತ್ತುಕೊಂಡು ಹತ್ತಲಿಕ್ಕೆ ಯಾರೂ ಸಿಗುದಿಲ್ಲ ಆಂಟಿ.”

“ನಾವು ಹತ್ತಿದ್ದೇವಲ್ಲ.”

ಸಕೀನ ನಗು ತಡೆಯಲಾರದೆ ಹೇಳಿದಳು: ಗೀಟು ಬಿದ್ದವರಲ್ಲಿ ಐದು ಜನ ದೂರು ಕೊಟ್ಟಿದ್ದರು. ಆದರೆ ಐದರಲ್ಲಿ ನಾಲ್ಕರ ಕೊನೆಯ ಸಾಲು ಒಂದೇ ತೆರ. ‘ಮುಂದಿನ ಸಲ ಆ ಅಜ್ಜಿಯನ್ನು ಅಲ್ಲೇ ಕೂರಿಸಿ.’

“ನಾನು ಅಜ್ಜಿಯಾ?” ಎಂದು ಲೋಲಾಕ್ಷಿ ಗಂಡನ ಕಡೆ ತಿರುಗಿ ತುಳುವಿನಲ್ಲಿ ಕೇಳಿದಳು. ಅವನು ಜಾಣ, ಗೋಡೆಯ ಬೂಟುಗಳನ್ನು ನೋಡುತ್ತ ನಿಂತ.

ಹೀಗೆ ಗುಡ್ಡದ ಮೇಲಿನ ಆ ಬಂಡೆ ಮಾರ್ಚಿನ ಓಟಕ್ಕೆ ಮೂರನೆಯ ನೀರಿನ ಜಾಗವಾಯಿತು. ಮನೆಯಲ್ಲಿ ಸುದ್ದಿ ಹೇಳಿದಾಗ ದೀಕ್ಷಿತಾ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ಅಮ್ಮಾ, ಬರ್ಬೇಡ ಅಂದಿದ್ದೆ.”

“ನಿನ್ನ ಅಮ್ಮ ಬರುದಿಲ್ಲ. ಓಟದವರು ಇಟ್ಟ ಹೆಂಗಸು ಬರುದು.”

“ನನಗೆ ಅಂತ ಒಂದು ಲೋಟ ಜಾಸ್ತಿ ಕೊಟ್ರೂ ಖಲಾಸ್. ಎಲ್ರೂ ನೋಡ್ತಾ ಇರ್ತಾರೆ.”

“ಪಂಕ್ತಿಭೇದ ಮಾಡಿ ನನಗೆ ಅಭ್ಯಾಸ ಇಲ್ಲ,” ಎಂದಳು ಲೋಲಾಕ್ಷಿ. ದೀಕ್ಷಿತಾ ಸೋತವಳಂತೆ ಅಪ್ಪನನ್ನು ನೋಡಿದಳು. ಅವನು, “ಸಾರು ಬಡಿಸು,” ಎಂದ.

ಮಾರ್ಚ್ ಹೊತ್ತಿಗೆ ಬಿಸಿಲು ಹಲ್ಲು ತೋರಿಸಲು ಶುರು ಮಾಡಿತ್ತು. ಬೆನೆಡಿಕ್ಟ್, ಸರ್ವೋತ್ತಮ, ಸಕೀನ ಕಳಿಸಿದ ಇಬ್ಬರು ಹುಡುಗರು ಸೇರಿ ಕ್ಯಾನುಗಳನ್ನು ಮೇಲೆ ಸಾಗಿಸಿದರು. ಬಂಡೆಯ ಆಚೆ ಈಚೆ ಒಂದೊಂದು ಹಳದಿ ಬಾವುಟ ನೆಟ್ಟರು. ಸಹಾಯ ಮಾಡುವುದಿದ್ದರೆ ಆ ಎರಡು ಬಾವುಟಗಳ ನಡುವೆ. ಬಾವುಟ ದಾಟಿ ಒಂದು ಹೆಜ್ಜೆ ಹೊರಗೆ ಹೋಗಿ ಯಾರನ್ನೂ ಮುಟ್ಟುವಂತಿಲ್ಲ. ಇದನ್ನು ಸಕೀನ ಲೋಲಾಕ್ಷಿಯ ಬಾಯಲ್ಲಿ ಮತ್ತೊಮ್ಮೆ ಹೇಳಿಸಿಯೇ ಕೆಳಗಿಳಿದಳು.

ಮುಂದಿನವರು ಬಂದರು. ಬೆಲ್ಲ ತಿಂದರು, ನೀರು ಕುಡಿದರು, ಕೆಲವರು ಲೋಲಾಕ್ಷಿಯ ಗುರುತು ಹಿಡಿದು ನಕ್ಕರು. ಕೆಂಪು ಟೊಪ್ಪಿಯವನೂ ಬಂದ. ಅವಳು ಲೋಟ ಚಾಚಿದಳು. ಅವನು ಅವಳ ಮುಖ ನೋಡಿ, ತಲೆಯಾಡಿಸಿ, ತನ್ನದೇ ಬಾಟಲಿಯಿಂದ ಒಂದು ಗುಟುಕು ಕುಡಿದು ಮುಂದೆ ಹೋದ. ಲೋಲಾಕ್ಷಿಯ ಕೈ ಹಾಗೇ ಉಳಿಯಿತು. “ಅವನ ಸಿಟ್ಟೂ ನ್ಯಾಯವೇ,” ಎಂದು ಲೋಟವನ್ನು ಸಾಲಿನಲ್ಲಿ ಮರಳಿ ಇಟ್ಟಳು.

ದೀಕ್ಷಿತಾ ಕಾಣಿಸಲಿಲ್ಲ. ನಡುವಿನವರೂ ದಾಟಿ ಹೋದರು. ಕೊನೆಯವರು ಬರತೊಡಗಿದರು. ಬಿಸಿಲು ನೆತ್ತಿಗೆ ಬಂತು. ಹೊತ್ತು ಮೀರಿದ ಮೇಲೆ ಬಂದವರನ್ನು ಇಲ್ಲಿಂದಲೇ ಕೆಳಗೆ ಕಳಿಸಬೇಕು ಎಂದು ಒಬ್ಬ ಹುಡುಗ ಗಡಿಯಾರ ನೋಡಲು ಶುರು ಮಾಡಿದ. ಅಷ್ಟರಲ್ಲಿ ತಿರುವಿನಲ್ಲಿ ದೀಕ್ಷಿತಾ ಕಂಡಳು. ಓಡುತ್ತಿರಲಿಲ್ಲ, ಒಂದು ಕಾಲು ಎಳೆದು ನಡೆಯುತ್ತಿದ್ದಳು. ಮೀನಖಂಡ ಹಿಡಿದುಕೊಂಡಿತ್ತು. ಬಾವುಟಕ್ಕೆ ಒಂದು ಅಂಗಳದಷ್ಟು ದೂರ ಇರುವಾಗ ದಾರಿ ಬದಿಯ ಕಲ್ಲಿನ ಮೇಲೆ ಕುಳಿತೇಬಿಟ್ಟಳು.

ಸರ್ವೋತ್ತಮ ಹೊರಟೇಬಿಟ್ಟಿದ್ದ. ಲೋಲಾಕ್ಷಿ ಅವನ ಕೋಟಿನ ಹಿಂಭಾಗ ಹಿಡಿದು ಎಳೆದಳು.

“ಹೋಯ್, ಹೋಗ್ಬೇಡಿ! ಮುಟ್ಟಿದ್ರೆ ಹೋಯ್ತು!”

“ಬಿದ್ದಿದ್ದಾಳೆ ಮಾರಾಯ್ತಿ!”

“ಬಿದ್ದದ್ದಲ್ಲ. ಕೂತದ್ದು.”

ಒಂದು ಲೋಟ ನೀರು ಹಿಡಿದು ಅವಳು ಬಾವುಟದ ಬುಡಕ್ಕೆ ಬಂದು ನಿಂತಳು. ಕಾಲ ಹೆಬ್ಬೆರಳು ಬಾವುಟದ ನೇರಕ್ಕೆ. ಮಗಳ ತುಟಿ ಒಣಗಿ ಬಿಳಿಚಿದ್ದು ಅಲ್ಲಿಂದಲೇ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಮಂದಿಗೆ ಬಡಿಸಿದ ಕೈ ಅದು; ಕೊಡದೆ ನಿಲ್ಲುವುದು ಅದಕ್ಕೆ ಗೊತ್ತಿರಲಿಲ್ಲ. ಲೋಟದ ನೀರು ತುಳುಕಿ ಅವಳ ಪಾದಕ್ಕೆ ಬಿತ್ತು.

ಮುಟ್ಟುವಂತಿಲ್ಲ, ಕೊಡುವಂತಿಲ್ಲ, ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ.

“ದೀಕ್ಷೀ,” ಎಂದು ಕರೆದಳು, ಅಡುಗೆಮನೆಯಿಂದ ಕರೆಯುವ ಹಾಗೆ. “ಕೇಳಿತಾ? ಕೆಳಗಿನ ಫ್ಲೋರಿನ ಜೋಸ್ಫಿನ್ ನಿನ್ನೆ ಬಂದಿದ್ಲು. ‘ನಿಮ್ಮ ಮಗಳು ಮೆಟ್ಟಿಲಲ್ಲಿ ಓಡುವ ಸದ್ದಿಗೆ ನನ್ನ ಕುಕ್ಕರಿನ ಸೀಟಿ ಕೇಳುದಿಲ್ಲ, ಎರಡು ಸಲ ಬೇಳೆ ಸೀದುಹೋಯ್ತು’ ಅಂದ್ಲು. ನೀನು ಈಗ ಇಲ್ಲಿ ಕೂತ್ರೆ ಅವಳ ಬೇಳೆಗೆ ನಾನು ಎಂಥ ಜವಾಬು ಕೊಡ್ಲಿ?”

ದೀಕ್ಷಿತಾ ಕಾಲು ಹಿಡಿದುಕೊಂಡೇ ತಲೆಯೆತ್ತಿದಳು. “ಅಮ್ಮಾ, ಸೀರಿಯಸ್ಲಿ?”

“ಮತ್ತೆ? ನಾನು ಇಲ್ಲಿಂದ ಆಚೆ ಬರುದಿಲ್ಲ. ನೀರು ಬೇಕಾದ್ರೆ ನೀನೇ ಬಾ.”

ಮಗಳು ನಕ್ಕಳು. ನಗುವಾಗ ಕಣ್ಣಲ್ಲಿ ನೀರೂ ಬಂತು. ಕಾಲನ್ನು ಉದ್ದ ಚಾಚಿ, ಬೆರಳು ಹಿಡಿದೆಳೆದು, ಆಸ್ಪತ್ರೆಯಲ್ಲಿ ಬೇರೆಯವರಿಗೆ ಮಾಡುವುದನ್ನು ತನಗೆ ತಾನೇ ಮಾಡಿಕೊಂಡಳು. ಎದ್ದಳು. ಒಂದು ಹೆಜ್ಜೆ, ನಿಂತು, ಇನ್ನೊಂದು. ಬಾವುಟ ದಾಟಿದ ಕೂಡಲೇ ಲೋಲಾಕ್ಷಿ ಬೆಲ್ಲವನ್ನು ಅವಳ ಬಾಯಿಗೆ, ಲೋಟವನ್ನು ಕೈಗೆ ಕೊಟ್ಟಳು. ಒಂದೇ ಉಸಿರಿಗೆ ಖಾಲಿಯಾಯಿತು.

“ಇನ್ನೊಂದು ಕೊಡಮ್ಮ.”

“ಎಲ್ಲರಿಗೂ ಒಂದೇ ಇವತ್ತು. ಹಿಂದೆ ಇನ್ನೂ ಮೂರು ಜನ ಉಂಟು.”

“ಅಮ್ಮಾ!”

“ಯಲ್ಲಾ, ನಡಿ.”

ಅವಳು ಇಳಿಜಾರಿನಲ್ಲಿ ಮರೆಯಾದ ಮೇಲೆ ಲೋಲಾಕ್ಷಿ ಬಂಡೆಗೆ ಒರಗಿ ಕುಳಿತು, ಸೆರಗಿನಿಂದ ಮುಖ ಒರಸಿದಳು. ಹಿಂದಿನ ಮೂವರೂ ಬಂದು ಕುಡಿದು ಹೋದ ಮೇಲೆ ಒಂದು ಲೋಟ ನೀರು ಉಳಿಯಿತು. ಅದನ್ನು ಸರ್ವೋತ್ತಮ ಅವಳಿಗೇ ಕುಡಿಸಿದ.

ಕೆಳಗೆ ಹೊತ್ತು ಮುಗಿಯುವ ಸ್ವಲ್ಪವೇ ಮೊದಲು ದೀಕ್ಷಿತಾ ಗೆರೆ ದಾಟಿದ್ದಳು. ಸಾಕ್ಷಿ ಸಿಕ್ಕಿತು. ಸಿಕ್ಕಿದ್ದನ್ನು ಆಲ್ಪ್ಸ್‌ನವರು ಒಪ್ಪಿಕೊಂಡರು.

ಆಗಸ್ಟ್ ಕೊನೆಗೆ ಅವಳು ಅಲ್ಲಿ ಓಡಿದ ದಿನ, ಊದ್ ಮೇಥಾದ ಮನೆಯಲ್ಲಿ ಏಸಿ ಹಾಕಿ ಬಾಗಿಲು ಮುಚ್ಚಿ ಮೂವರೂ ಬೆನೆಡಿಕ್ಟ್‌ನ ಫೋನಿನ ಸುತ್ತ ಕುಳಿತಿದ್ದರು. ಅದರಲ್ಲಿ ತೋರುವ ಓಟದ ನಕ್ಷೆಯಲ್ಲಿ ಮಗಳೆಂದರೆ ಒಂದು ನೀಲಿ ಚುಕ್ಕೆ. ಚುಕ್ಕೆ ಹತ್ತುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ಲೋಲಾಕ್ಷಿ, “ಕೂತ್ಲಾ?” ಎನ್ನುತ್ತಿದ್ದಳು. “ಕೂತದ್ದಲ್ಲ ಲೋಲಕ್ಕ, ನೆಟ್‌ವರ್ಕ್ ಕೂತದ್ದು,” ಎನ್ನುತ್ತಿದ್ದ ಬೆನೆಡಿಕ್ಟ್. ಕತ್ತಲಾಗುವ ಹೊತ್ತಿಗೆ ಚುಕ್ಕೆ ಕೊನೆಯ ಊರು ಮುಟ್ಟಿತು. ಆಮೇಲೆ ಫೋನು ಬಂತು.

“ಅಮ್ಮಾ, ಮುಗಿಸಿದೆ. ಕಾಲು ನಂದಲ್ಲ ಈಗ. ಹಿಮ ನೋಡಿದೆ, ದೂರದಲ್ಲಿ. ಮತ್ತೆ ಕೇಳು, ಮೇಲೆ ಹುಲ್ಲುಗಾವಲಲ್ಲಿ ಒಂದು ಮನೆ. ಎದುರು ಒಬ್ಬಳು ಅಜ್ಜಿ ಮೇಜು ಹಾಕಿ ಎಂಥದೋ ಕೆಂಪು ಶರಬತ್ತು ಇಟ್ಟು ನಿಂತಿದ್ಲು. ಎಲ್ಲರನ್ನೂ ಕರೀತಾಳೆ. ಅದು ಓಟದವರ ಜಾಗ ಅಲ್ಲ. ನಾನು ಕೈ ಮುಗಿದು ಓಡಿದೆ.”

ಲೋಲಾಕ್ಷಿ ಫೋನನ್ನು ಕಿವಿಗೆ ಇನ್ನೂ ಹತ್ತಿರ ಹಿಡಿದಳು. “ಅವಳು ಏನಂದ್ಲು?”

“ಫ್ರೆಂಚಲ್ಲಿ ಏನೋ ಅಂದ್ಲು. ಬೈದದ್ದೇ ಇರ್ಬೇಕು.”

“ಬೈಯದೆ ಮತ್ತೆ? ಹಿಡಿದ ಲೋಟ ಕೈಯಲ್ಲೇ ಉಳಿದ್ರೆ ಹೇಗಾಗ್ತದೆ ಅಂತ ನನಗೆ ಗೊತ್ತುಂಟು. ಈಗ ಓಟ ಮುಗಿಯಿತಲ್ಲ, ನಿಯಮವೂ ಮುಗಿಯಿತು. ನಾಳೆ ನಡೆದು ಹೋಗಿ ಕುಡಿದು ಬಾ.”

“ಅಮ್ಮಾ, ಅದು ಬೆಟ್ಟದ ಮೇಲೆ!”

“ನಿನಗೆ ಹತ್ತಲಿಕ್ಕೆ ಬರ್ತದಲ್ಲ.”

ಮರುದಿನ ಮಧ್ಯಾಹ್ನ ಒಂದು ಫೋಟೋ ಬಂತು. ಹುಲ್ಲುಗಾವಲು, ಮರದ ಮನೆ, ಕುಂಟುತ್ತ ಹತ್ತಿದ ಮಗಳು, ಅವಳ ಹೆಗಲಿಗೆ ಕೈ ಹಾಕಿದ ಮುದುಕಿ. ಹೆಸರು ಲೂರ್ದ್ ಅಂತೆ. ಮುದುಕಿಯ ಅಂಗೈಯಲ್ಲಿ ಒಂದು ತುಂಡು ಬೆಲ್ಲ. ದೀಕ್ಷಿತಾಳ ಬೆನ್ನಚೀಲದಲ್ಲಿ ಉಳಿದದ್ದನ್ನು ಕೊಟ್ಟಿದ್ದಳು. ಸಕ್ಕರೆಯಲ್ಲ, ಚಾಕಲೇಟಲ್ಲ, ಇದು ಎಂಥದು, ಮಾಡುವುದು ಹೇಗೆ, ಅದನ್ನು ಬಲ್ಲವರನ್ನು ಕರೆದುಕೊಂಡು ಬಾ ಎಂದಳಂತೆ ಆ ಮುದುಕಿ. ಲೋಲಾಕ್ಷಿ ಆ ಫೋಟೋವನ್ನು ಜೋಸ್ಫಿನ್‌ಗೆ ತೋರಿಸಿದಳು, ತರಕಾರಿಯವನಿಗೆ ತೋರಿಸಿದಳು, ಅಬುಧಾಬಿಯ ತಮ್ಮನಿಗೆ ಕಳಿಸಿದಳು.

ಮರುವರ್ಷ ದೀಕ್ಷಿತಾ ಮತ್ತೆ ಆ ಓಟಕ್ಕೆ ಹೆಸರು ಕೊಟ್ಟಾಗ ಟಿಕೆಟು ಎರಡು ಬಂದವು. ಹೊರಡುವ ದಿನ ಮಂಗಳವಾರ ಬಿದ್ದದ್ದು ನೋಡಿ ಸರ್ವೋತ್ತಮ ಸ್ವಲ್ಪ ಗೊಣಗಿದ. “ಕೆಟ್ಟ ಆಟಿ ತಿಂಗಳು ಕಳೆದು ಸೋಣ ಬಂದಿದೆ, ಇನ್ನು ಎಲ್ಲಾ ದಿನವೂ ಒಳ್ಳೆಯದೇ,” ಎಂದು ಲೋಲಾಕ್ಷಿ ಅವನ ಬಾಯಿ ಮುಚ್ಚಿಸಿದಳು. ಬೆನೆಡಿಕ್ಟ್ ವಿಮಾನ ನಿಲ್ದಾಣದ ತನಕ ಬಿಟ್ಟ. ಸರ್ವೋತ್ತಮ ಕಿತ್ತಳೆ ಕೋಟಿನಲ್ಲೇ, ಗೋದಾಮಿನಿಂದ ನೇರ ಬಂದವನು, ಗಾಜಿನ ಹೊರಗೆ ನಿಂತು ಕೈ ಬೀಸಿದ. ಬೆಲ್ಲದ ಚೀಲವನ್ನು ಮಗಳಿಗೂ ಹೊರಲು ಕೊಡದೆ ಮಡಿಲಲ್ಲಿ ಇಟ್ಟುಕೊಂಡು ಲೋಲಾಕ್ಷಿ ದುಬೈಯಿಂದ ಹೊರಟದ್ದು 2016ರ ಆಗಸ್ಟ್ 23, ಮಂಗಳವಾರ.